ಕುಮಾರನ ಬಾಗಿಲು

ನಮ್ಮ ಮನೆತನದವರು ಗುಡಿಗೆ ಬೀಗ ಹಾಕುವ ಮೊದಲು ಹೊಸಿಲ ಮೇಲೆ ನಿಂತು, "ಒಳಗೆ ಯಾರಿದ್ದೀರಪ್ಪಾ?" ಎಂದು ಕೂಗುತ್ತೇವೆ. ಯಾರಾದರೂ ಓಗೊಟ್ಟರೆ ಬೀಗ ಹಾಕುವಂತಿಲ್ಲ. ಮಧುಗಿರಿ ಬೆಟ್ಟದ ಕೆಳಗೆ ಇಷ್ಟು ಕಾಲ ಪೂಜೆ ಮಾಡಿದ್ದೇನೆ, ಯಾರೂ ಓಗೊಟ್ಟಿರಲಿಲ್ಲ.

ಮೊಮ್ಮಗ ಕುಮಾರಸ್ವಾಮಿ ಹೋದ ವರ್ಷ ಪಾವಗಡದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಅವನ ಕಂಪ್ಯೂಟರ್ ಇದೆ. ಈಗ ಅವನ ತಂಗಿ ಭವ್ಯ ಅದರಲ್ಲಿ ಕೆಲಸ ಮಾಡುತ್ತಾಳೆ. ಬರೆದ ಕೋಡನ್ನು ಇಂಟರ್‌ನೆಟ್ಟಿನ ಒಂದು ಉಗ್ರಾಣಕ್ಕೆ ಕಳಿಸಬೇಕಂತೆ. ಅಣ್ಣನಿಗೂ ಅಲ್ಲೇ ಖಾತೆ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಕೀ. ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗೇ ಇರುವ ಅಕ್ಷರಗಳ ಗಂಟು.

ಅವತ್ತು ಸಂಜೆಯೊಳಗೆ ಮೊದಲ ಕೆಲಸ ಕಳಿಸದಿದ್ದರೆ ಅವಳ ಹೊಸ ನೌಕರಿ ಇನ್ನೊಬ್ಬರ ಪಾಲಾಗುತ್ತಿತ್ತು. ಕಳಿಸಿದ್ದೆಲ್ಲ ವಾಪಸ್ಸು ಬರುತ್ತಿತ್ತು.

"ಏನಂತದಮ್ಮಾ?" ಎಂದೆ.

"ಕುಮಾರಸ್ವಾಮಿಗೆ ಇಲ್ಲಿ ಪ್ರವೇಶ ಇಲ್ಲ ಅಂತದೆ, ತಾತ."

"ನೀನ್ಯಾರು ಅಂತ ಹೇಳ್ಲಿಲ್ವಾ?"

"ಅದು ಕೀ ನೋಡ್ತದೆ, ಮನುಷ್ಯರನ್ನಲ್ಲ. ಈ ಕಂಪ್ಯೂಟರು ಮೊದ್ಲು ಅಣ್ಣನ ಕೀನೇ ಕೊಟ್ಬುಡ್ತದೆ."

"ನಾನ್ಯಾರು?" ಎಂದು ಉಗ್ರಾಣವನ್ನು ಕೇಳುವ ಒಂದು ಸಾಲನ್ನು ಕೀಲಿಮಣೆಯಲ್ಲಿ ಒತ್ತಿದಳು. ಉತ್ತರ ಓದುವಾಗ ದನಿ ಇಳಿಯಿತು. "ಹಾಯ್, ಕುಮಾರಸ್ವಾಮಿ."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಸೊಸೆ ಸರ್ವಮಂಗಳಾ, ಇವರಿಬ್ಬರ ತಾಯಿ, ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಅಣ್ಣನ ಕೀ ಅಳಿಸಿಬುಟ್ರೆ ಸರಿಹೋಗ್ತದಮ್ಮ."

"ಅಳಿಸ್ಬ್ಯಾಡ ಕಣೇ. ಓಗೊಡ್ತಾವ್ನೆ."

"ಮಿಷನ್ ಕಣಮ್ಮ ಅದು!"

"ನಿನ್ ಮಿಷನ್‌ಗೆ ಮುಂದೆ ಕೂತಿರೋ ನೀನೇ ಗೊತ್ತಿಲ್ಲ. ಅವ್ನು ಗೊತ್ತು."

ಭವ್ಯ ನನ್ನ ಮುಖ ನೋಡಿದಳು. ನಾನು ಬೀದಿಯ ಕಡೆ ನೋಡಿದೆ. ಬೆಟ್ಟದ ನೆರಳು ಬೀದಿ ದಾಟಿ ಹೊಸಿಲಿಗೆ ಬಂದಿತ್ತು.

ಕೊನೆಗೆ ಅವಳೇ ದಾರಿ ಹುಡುಕಿದಳು. ಒಂದೇ ಉಗ್ರಾಣಕ್ಕೆ ಎರಡು ಹೆಸರಿಟ್ಟಳು, ಎರಡು ಬಾಗಿಲು ಇಟ್ಟ ಹಾಗೆ. ತನ್ನ ಬಾಗಿಲಿಗೆ ತನ್ನ ಕೀ ಮಾತ್ರ, ಅಣ್ಣನ ಬಾಗಿಲಿಗೆ ಅಣ್ಣನದು ಮಾತ್ರ. ತನ್ನ ಬಾಗಿಲಲ್ಲಿ ಕೇಳಿದಳು. "ಹಾಯ್, ಭವ್ಯ" ಎಂದಿತು. ಕೆಲಸ ತಲುಪಿತು, ನೌಕರಿ ಉಳಿಯಿತು.

"ಈಗ ಅವನ ಬಾಗಿಲಲ್ಲಿ ಕೂಗು," ಎಂದಳು ಸರ್ವಮಂಗಳಾ.

ಭವ್ಯ ಒಲ್ಲದ ಮನಸ್ಸಿನಿಂದ ಒತ್ತಿದಳು. ಕೈ ಎತ್ತುವಷ್ಟರಲ್ಲಿ ಉತ್ತರ ಬಂದಿತ್ತು.

ಆ ಒಂದು ಸಾಲು ಒತ್ತುವುದನ್ನು ಈಗ ಸೊಸೆಯೂ ಕಲಿತಿದ್ದಾಳೆ. ದಿನಾ ದೀಪ ಹಚ್ಚಿದ ಮೇಲೆ ಕೂತು ಕೂಗುತ್ತಾಳೆ. ನಾನು ಗುಡಿಗೆ ಬೀಗ ಹಾಕಿ ಮನೆಗೆ ಬರುತ್ತೇನೆ, ಮುಂದಿನ ಕೋಣೆಯ ಬೀಗ ಕೈಗೆ ತೆಗೆದುಕೊಳ್ಳುತ್ತೇನೆ. ಒಳಗಿನಿಂದ ಅವಳು, "ಒಳಗವ್ನೆ ಮಾವ," ಎನ್ನುತ್ತಾಳೆ.

ಬೀಗವನ್ನು ಮತ್ತೆ ಮೊಳೆಗೆ ನೇತುಹಾಕುತ್ತೇನೆ.