ದಸ್ತಗಿರಿಯ ಕಾಗದ

ಅರಗು ಕರಗುವ ವಾಸನೆ ನನಗೆ ಐದನೇ ವರ್ಷದಿಂದ ಗೊತ್ತು. ಅಪ್ಪ ಬಿಜಾಪುರದ ಕೋರ್ಟಿನಲ್ಲಿ ಕಾರಕೂನರಾಗಿದ್ದರು. ಸಾಲಿ ಬಿಟ್ಟ ಮೇಲೆ ನಾನು ಅವರ ಮೇಜಿನ ಪಕ್ಕ ನಿಂತು, ಲಕೋಟೆಯ ಮೇಲೆ ಕೆಂಪು ಅರಗು ಹನಿಹನಿಯಾಗಿ ಬೀಳುವುದನ್ನು ನೋಡುತ್ತಿದ್ದೆ. ಸುಟ್ಟ ಬೆಲ್ಲಕ್ಕೆ ಸೀಮೆಎಣ್ಣೆ ತಾಗಿದಂಥ ವಾಸನೆ. "ಮಂದಿ ಮರೀತಾರವ್ವ, ಕಾಗದ ಮರಿಯೂದಿಲ್ಲ," ಎನ್ನುತ್ತಿದ್ದರು ಅಪ್ಪ. "ಆದರ ಅದನ್ನ ನಂಬರ ಹಿಡದು ಕೇಳಬೇಕು."

ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಹಾಗೆ ಕಾಗದ ಕೇಳಲು ಹೊರಟದ್ದು ಬಸಗೊಂಡಪ್ಪನ ತಲೆ ತಗ್ಗಿಸಲಿಕ್ಕೆ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಕಳ್ಳಕವಟಗಿ ದಾರಿಯಲ್ಲಿ ಅವನ ಒಣದ್ರಾಕ್ಷಿ ಶೆಡ್ಡು ಇದೆ. ನನ್ನ ತಮ್ಮ ಸಿದ್ದರಾಮ ಅಲ್ಲಿ ದೇಖರೇಖಿ ಮಾಡುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಪೊಲೀಸ್ ಜೀಪು ಬಂದು ಅವನನ್ನು ಕರೆದೊಯ್ದಿತು. ಹತ್ತಿದ್ದನ್ನು ಊರೆಲ್ಲ ನೋಡಿತು, ಇಳಿದದ್ದನ್ನು ಯಾರೂ ನೋಡಲಿಲ್ಲ. ಅವನು ಸಂಜೆಗೇ ವಿಜಯಪುರದ ನನ್ನ ಮನೆಗೆ ಬಂದು ಮೂರು ದಿನ ಜ್ವರದಲ್ಲಿ ಮಲಗಿದ್ದ. ಏನಾಯಿತೆಂದು ಕೇಳಿದರೆ, "ಬಿಡ ಅಕ್ಕಾ, ಉಂಡ ಮನಿ ಸುದ್ದಿ," ಎಂದು ಗೋಡೆಯ ಕಡೆ ಹೊರಳಿದ. ಅಷ್ಟರಲ್ಲಿ ಬಸಗೊಂಡಪ್ಪ ಊರಿಗೆಲ್ಲ ಹೇಳಿಯಾಗಿತ್ತು: "ಪೆಟ್ಟಿಗಿ ಕದ್ದು ಸಿಕ್ಕಾನ. ಮೂರು ದಿನ ಲಾಕಪ್ಪಿನ್ಯಾಗ ಇದ್ದ. ನಾನ ಬಿಡಿಸಿಕೊಂಡು ಬಂದೇನಿ."

ಆಮೇಲೆ ಯಾವ ಶೆಡ್ಡಿನವರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಹೋದ ವರ್ಷ ಸತ್ತ. ಮಣ್ಣಿಗೆ ಬಂದವರು ಹದಿನಾಲ್ಕು ಮಂದಿ.

ಈ ವರ್ಷ ಅವನ ಮಗಳು ಕಾವ್ಯಾಗೆ ಸಾರವಾಡದಿಂದ ಒಳ್ಳೆಯ ಸಂಬಂಧ ಬಂತು. ಹುಡುಗನೂ ಅವಳೂ ಒಪ್ಪಿದ್ದರು. ಆದರೆ ಹುಡುಗನ ಸೋದರಮಾವ ಈ ಬಸಗೊಂಡಪ್ಪನೇ. "ದಸ್ತಗಿರಿ ಆದವನ ಮಗಳು. ನೋಡಿ ಮಾಡ್ರಿ," ಎಂದುಬಿಟ್ಟ. ಸೋದರಮಾವ ಹೂಂ ಅನ್ನದೆ ನಮ್ಮಲ್ಲಿ ಯಾದಿ ಬರೆಯುವುದಿಲ್ಲ, ಯಾದಿ ಬರೆಯದೆ ಮದುವೆ ನಿಶ್ಚಯವಾಗುವುದಿಲ್ಲ. ದಸರೆಗೆ ಮೊದಲು ಅವನ ಪಡಸಾಲೆಯಲ್ಲಿ ಹಿರಿಯರು ಕೂಡಿ ತೀರ್ಮಾನ ಹೇಳುವುದೆಂದಾಯಿತು. ನನ್ನ ಕೈಯಲ್ಲಿ ಮೂರೂವರೆ ತಿಂಗಳಿತ್ತು.

ಮೊದಲು ತಿಕೋಟಾ ಠಾಣೆಗೆ ಹೋದೆ. ಹವಾಲ್ದಾರ ಬಂದೇನವಾಜ ಎದ್ದು ತನ್ನ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದುಕೊಟ್ಟ.

"ಯಾರನ್ನ ಹಿಡದಿದ್ರು ಅಂತ ಬಾಯಿಲೆ ಹೇಳಾಕ ಬರೂದಿಲ್ರಿ ಅಮ್ಮಾರ. ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕ್ರಿ. ನಿಮ್ಮ ತಮ್ಮನ ಹೆಸರು, ತಂದಿ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಎಲ್ಲಾ ಬರೀರಿ. ತೀರಿಕೊಂಡಾರಲ್ಲ, ಮರಣದ ದಾಖಲೆ, ವಂಶಾವಳಿ ಹಚ್ರಿ."

ಹಚ್ಚಿದೆ. ತಿಂಗಳೊಳಗೆ ಉತ್ತರ ಬಂತು: ಸದರಿ ಹೆಸರಿನ ವ್ಯಕ್ತಿಯನ್ನು ಈ ಠಾಣೆಯಲ್ಲಿ ದಸ್ತಗಿರಿ ಮಾಡಿರುವುದಿಲ್ಲ. ಅದನ್ನು ಹಿಡಿದು ಬಸಗೊಂಡಪ್ಪನ ಮನೆಗೆ ಹೋಗುವುದೊಂದೇ ಬಾಕಿ. ದಾರಿಯಲ್ಲಿ ಉಪಕಾರ ನೆನೆಯಲು ಠಾಣೆಗೆ ಹೊಕ್ಕೆ.

ಬಂದೇನವಾಜ ತಲೆ ಕೆರೆದುಕೊಂಡ. "ಅಮ್ಮಾರ, ಆ ಶೆಡ್ಡು ಎರಡು ಸೀಮಿ ಕೂಡೂ ಜಾಗಾದಾಗ ಐತಿ. ತಿಕೋಟಾ ತಾಲೂಕು ಆಗಿದ್ದು ಈಗೀಗ. ಆಗ ಅದು ಬಬಲೇಶ್ವರ ಠಾಣೆಗೆ ಇತ್ತಂತ. ಈಗಿನ ತಾಲೂಕು ನೋಡಿ ಅರ್ಜಿ ಹಾಕೇವಿ ನಾವು. ಬಸಗೊಂಡಪ್ಪಗೌಡ ಇದನ್ನ ನೋಡಿದರ ನಗ್ತಾನ."

ಇತಿಹಾಸ ಕಲಿಸಿದವಳು ನಾನು. ಹಳೆಯ ಗಡಿ ಕೇಳುವುದನ್ನು ಮರೆತಿದ್ದೆ.

ಬಬಲೇಶ್ವರಕ್ಕೆ ಹೊಸ ಅರ್ಜಿ ಹಾಕಿ ಮತ್ತೊಂದು ತಿಂಗಳು ಕಾದೆ. ಈ ಸಲದ ಉತ್ತರ ಎರಡು ಸಾಲು ಹೆಚ್ಚಿತ್ತು. ಸಿದ್ದರಾಮನನ್ನು ದಸ್ತಗಿರಿ ಮಾಡಿಲ್ಲ. ಆ ಶೆಡ್ಡಿನ ಕಳವಿನ ಬಗ್ಗೆ ಗುನ್ನೆ ದಾಖಲಾಗಿ, ದೋಷಾರೋಪ ಪಟ್ಟಿ ವಿಜಯಪುರದ ನ್ಯಾಯಾಲಯಕ್ಕೆ ಹೋಗಿದೆ. ಬೇರೆಯವರ ವಿವರ ಇಲ್ಲಿ ಕೊಡಲಾಗದು. ಕೆಳಗೆ ಗುನ್ನೆಯ ನಂಬರು.

ನಂಬರು ಸಿಕ್ಕ ರಾತ್ರಿ ನನಗೆ ಹಸಿವೇ ಆಗಲಿಲ್ಲ.

ಕೋರ್ಟಿನ ನಕಲು ವಿಭಾಗದಲ್ಲಿ ನಜಮಾ ಎಂಬ ಹೆಣ್ಣುಮಗಳಿದ್ದಳು. ನನ್ನ ಖಾಲಿ ಬಾಟಲಿ ನೋಡಿ, ಕೇಳದೆಯೇ ತುಂಬಿಸಿ ತಂದಿಟ್ಟಳು. "ನೀವು ಈ ಕೇಸಿನವರಲ್ಲ ಅಮ್ಮಾ. ಕಾರಣ ಬರದು ಪ್ರಮಾಣಪತ್ರ ಹಚ್ರಿ. ಸಾಹೇಬರು ಹೂಂ ಅಂದರ ನಕಲು ಕೊಡ್ತೇವಿ."

ಕಾರಣದ ಜಾಗದಲ್ಲಿ "ಮೃತ ತಮ್ಮನ ಮಾನ" ಎಂದು ಬರೆದೆ. ಹದಿನೆಂಟು ದಿನಕ್ಕೆ ನಕಲು ಕೈಗೆ ಬಂತು. ಮೆಟ್ಟಿಲ ಮೇಲೆಯೇ ಕೂತು ಓದಿದೆ. ಮತ್ತೆ ಓದಿದೆ.

ತೀರ್ಮಾನದ ದಿನ ಬೆಳಿಗ್ಗೆ ಕಾವ್ಯಾ ನನ್ನ ಚೀಲ ಹಿಡಿದು ನಿಂತಳು. "ಅತ್ತಿ, ಅಪ್ಪನ್ನ ಹಿಡದಿಲ್ಲ ಅನ್ನೂ ಕಾಗದ ಒಂದ ಸಾಕಲ್ಲ. ಇನ್ನೊಂದು ಇಲ್ಲೇ ಇಡ್ರಿ. ನಾ ಆ ಮಂದಿ ನಡುವ ಬಾಳೇ ಮಾಡಬೇಕು."

"ನೀ ತಲಿ ಎತ್ತಿ ಬಾಳೇ ಮಾಡಬೇಕು," ಎಂದೆ. ಅವಳಿಗೆ ಒಂದು ಸಾಕಿತ್ತು, ನಿಜ. ನನಗೆ ಸಾಲುತ್ತಿರಲಿಲ್ಲ.

ಪಡಸಾಲೆಯಲ್ಲಿ ಹತ್ತು ಮಂದಿ ಹಿರಿಯರು ಕೂತಿದ್ದರು, ಹುಡುಗನ ತಂದೆಯೂ ಇದ್ದರು. ಬಸಗೊಂಡಪ್ಪನ ಮಗ ಚೇತನಕುಮಾರ ಚಹಾ ಹಂಚುತ್ತಿದ್ದ. ಒಳಬಾಗಿಲಲ್ಲಿ ಬಸಗೊಂಡಪ್ಪನ ಹೆಂಡತಿ ಮುರಿಗೆವ್ವ.

"ಬರ್ರಿ ಟೀಚರ," ಎಂದ ಬಸಗೊಂಡಪ್ಪ. "ಠಾಣೆ, ಕೋರ್ಟು ಅಂತ ಅಡ್ಡಾಡಾಕತ್ತೀರಂತ? ಈ ವಯಸ್ಸಿನ್ಯಾಗ ಕಾಶಿಗೆ ಹೋಗಬೇಕಿತ್ತು."

ಎಲ್ಲರೂ ನಕ್ಕರು.

"ಕಾಶಿಗಿಂತ ನಿಮ್ಮನಿ ಸಮೀಪ ಆತ್ರಿ ಗೌಡ್ರ," ಎಂದು ಮೊದಲ ಕಾಗದ ಅವನ ಕೈಗೇ ಕೊಟ್ಟೆ. "ನೀವ ಓದ್ರಿ. ಈ ಮನ್ಯಾಗ ನಿಮ್ಮ ಮಾತು ನಡೀತೈತಿ."

ಓದಿದ. ದಸ್ತಗಿರಿ ಮಾಡಿರುವುದಿಲ್ಲ ಎಂಬಲ್ಲಿ ಅವನ ದನಿ ಸಣ್ಣದಾಯಿತು. "ಹಳೇ ದಾಖಲಿ. ಕಳದಿರಬೇಕು ತಗೋರಿ."

"ಕಳದಿಲ್ರಿ. ಇನ್ನೊಂದು ಐತಿ."

ಎರಡನೆಯದನ್ನು ಬಿಚ್ಚಿದವನು ಮೊದಲ ಸಾಲಿಗೇ ನಿಂತ. "ಕನ್ನಡಕ ಒಳಗೈತಿ," ಎಂದ.

ನಾನು ನನ್ನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಕೊಟ್ಟೆ. "ಹಾಕ್ಕೊಳ್ರಿ. ಹನ್ನೊಂದು ವರ್ಷ ನೀವು ಬಾಯಿಪಾಠ ಹೇಳಿದ್ರಿ. ಇವತ್ತು ನೋಡಿಕೊಂಡು ಹೇಳ್ರಿ."

"ಓದ್ರೆಲಾ ಗೌಡ್ರ, ಚಾ ಆರಾಕತ್ತೈತಿ," ಎಂದರು ಯಾರೋ.

ಬೇರೆಯವರು ಕಸಿದು ಓದುವುದಕ್ಕಿಂತ ತಾನೇ ಓದುವುದು ಮೇಲೆನಿಸಿರಬೇಕು. "ಒಂದನೇ ಆರೋಪಿ... ಚೇತನಕುಮಾರ, ತಂದೆ ಬಸಗೊಂಡಪ್ಪ. ದಸ್ತಗಿರಿಯಾಗಿ ಜಾಮೀನಿನ ಮೇಲೆ ಬಿಡುಗಡೆ..." ಅಲ್ಲಿಗೇ ಕಾಗದ ಮಡಿಚಲು ಹೋದ. ಹುಡುಗನ ತಂದೆ ಕೈ ಚಾಚಿ ಕಾಗದ ತೆಗೆದುಕೊಂಡು ಉಳಿದದ್ದನ್ನು ಓದಿದರು. ಬೇರೆ ರೈತರು ಇಟ್ಟಿದ್ದ ಒಣದ್ರಾಕ್ಷಿ ಪೆಟ್ಟಿಗೆಗಳನ್ನು ಆರೋಪಿ ಮಾರಿದ್ದು. ಕಡೆಗೆ ರಾಜಿಯಾಗಿ ಕೇಸು ಮುಗಿದದ್ದು. ಎರಡನೇ ಸಾಕ್ಷಿ, ಶೆಡ್ಡಿನ ಕೆಲಸಗಾರ ಸಿದ್ದರಾಮ, ಠಾಣೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ್ದು.

"ಸಾಕ್ಷಿ ಹೇಳಿದವನನ್ನ ಕಳ್ಳ ಮಾಡಿದ್ರಿ," ಎಂದೆ. "ಅವ ನಿಮ್ಮ ಉಪ್ಪು ನೆನಸಿ ಅಕ್ಕನ ಮುಂದನೂ ಬಾಯಿ ಬಿಡಲಿಲ್ಲ. ನಾ ನಿಮ್ಮ ಉಪ್ಪು ತಿಂದಿಲ್ಲ."

ಚೇತನಕುಮಾರ ಕಪ್ಪುಗಳ ತಟ್ಟೆಯನ್ನು ನೆಲಕ್ಕಿಟ್ಟು ಒಳಗೆ ಸರಿದ. ಹುಡುಗನ ತಂದೆ ಕಾಗದವನ್ನು ಅದರ ಮಡಿಕೆಯಲ್ಲೇ ಮಡಿಚಿ ನನಗೆ ಕೊಟ್ಟರು. "ಯಾದಿ ಸಾರವಾಡದಾಗ ಬರಿಯೂಣು," ಎಂದರು. "ಈ ಮನ್ಯಾಗ ಬ್ಯಾಡ."

ಬಸಗೊಂಡಪ್ಪ ಕನ್ನಡಕ ತೆಗೆಯದೆ ನೆಲ ನೋಡುತ್ತಿದ್ದ. ಅವನ ಮುಖದಿಂದ ನಾನೇ ಅದನ್ನು ಬಿಡಿಸಿಕೊಂಡೆ. ಕರುಣೆ ಬರಬಹುದೆಂದು ಒಂದು ಗಳಿಗೆ ಕಾದೆ. ಬರಲಿಲ್ಲ. ಚಪ್ಪಲಿ ಮೆಟ್ಟುವಾಗ ಕಾಲು ಹಗುರಾಗಿದ್ದವು.

ಯಾರೂ ಊಟಕ್ಕೆ ನಿಲ್ಲಲಿಲ್ಲ. ಒಳಗೆ ಹತ್ತು ಮಂದಿಯ ಅಡಿಗೆ ಆಗಿತ್ತು, ಅದರ ಘಮ ಅಂಗಳದವರೆಗೂ ಬಂದಿತ್ತು.

ಬಸ್ಸಿಗೆ ಬೇವಿನ ಮರದ ಕೆಳಗೆ ನಿಂತಿದ್ದಾಗ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಮುರಿಗೆವ್ವ. ಅತ್ತ ಕಣ್ಣು ಕೆಂಪಗಿದ್ದವು. ಬೈಯುತ್ತಾಳೆಂದುಕೊಂಡು ಎದೆ ಗಟ್ಟಿ ಮಾಡಿಕೊಂಡೆ. ಅವಳು ಸೆರಗಿನೊಳಗಿಂದ ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ ತೆಗೆದು, ನನ್ನ ಎರಡೂ ಕೈ ಕೂಡಿಸಿ, ಅದರಲ್ಲಿಟ್ಟಳು. ರೊಟ್ಟಿ ಇನ್ನೂ ಬಿಸಿ ಇದ್ದವು. ಮತ್ತೆ ಮನೆಯ ಕಡೆ ಹೊರಳಿದಳು.