ಕರಿಯಯ್ಯ ಬಸ್ಸಿಳಿಯಲ್ಲ

ಅಂಗಳದಲ್ಲಿ ವಿಭೂತಿ ಬಳಿದು ಕೂರಿಸಿದ್ದ ಅಪ್ಪನ ತೊಡೆಯಿಂದ ಶಿವರಂಜನಿ ಪುಸ್ತಕವನ್ನು ಎಳೆದುಕೊಂಡಳು.

“ಸತ್ತೋರ ತೊಡೆ ಮೇಲೆ ಇಟ್ಟಿದ್ನ ವಾಪಸ್ ತಗೀಬಾರ್ದು ಕಣವ್ವ. ಅಣ್ಣನ ಜೊತ್ಗೇ ಮಣ್ಣಿಗೋಗ್ಲಿ,” ಎಂದರು ಚಿಕ್ಕಪ್ಪ ಶಿವಸ್ವಾಮಿ. ಇಟ್ಟವರೂ ಅವರೇ, ಪ್ರೀತಿಯಿಂದಲೇ ಇಟ್ಟಿದ್ದರು.

“ಉಳಿದಿರೋದು ಇದೊಂದೇ ಪ್ರತಿ ಚಿಕ್ಕಪ್ಪ. ಅಪ್ಪಾಜಿ ಹೋದ್ರು, ಸರಿ. ಕರಿಯಯ್ಯನ್ನೂ ಹೂಳಕ್ಕೆ ನಾನು ಬಿಡಲ್ಲ.”

ಕರಿಯಯ್ಯ ಅವಳ ಅಪ್ಪ ಬೆಟ್ಟಸ್ವಾಮಿಯವರ ಕಾದಂಬರಿಗಳ ಪತ್ತೇದಾರ. ನಂಜನಗೂಡು–ನರಸೀಪುರ ಬಸ್ಸಿನ ಕಂಡಕ್ಟರು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯದೆ ಹೋದರು ಎಂಬುದರಿಂದಲೇ ಕೊಲೆಗಾರನನ್ನು ಹಿಡಿಯುವ ಆಸಾಮಿ. ಒಂದು ಕಾಲಕ್ಕೆ ಬಾಡಿಗೆ ಲೈಬ್ರರಿಗಳಲ್ಲಿ ಅವನಿಗಾಗಿ ಜನ ಕಾಯುತ್ತಿದ್ದರು. ಈಗ ಹೆಸರು ಹೇಳಿದರೆ ಯಾವ ಡಿಪೋ ಎಂದು ಕೇಳುತ್ತಾರೆ.

ಹಾರ ಹಾಕಿ ನಿಂತಿದ್ದ ಮೈಸೂರಿನ ಪ್ರಕಾಶಕ ಚಂದ್ರಶೇಖರ್ ಹತ್ತಿರ ಬಂದರು. ಬೆಟ್ಟಸ್ವಾಮಿಯವರ ವಾರಿಗೆಯವರ ಪುಸ್ತಕಗಳು ಇಂದಿಗೂ ಅಚ್ಚಾಗುತ್ತಿವೆ, ಅವರ ಪತ್ತೇದಾರರಿಗೆ ಕಾರಿದೆ, ಪಿಸ್ತೂಲಿದೆ, ಬೆಂಗಳೂರಿದೆ; ಕರಿಯಯ್ಯನನ್ನು ಇನ್‌ಸ್ಪೆಕ್ಟರ್ ಮಾಡಲು ಒಪ್ಪಿದರೆ ಇದನ್ನೂ ಅಚ್ಚು ಹಾಕುತ್ತೇನೆ ಎಂದರು. ಸಾವಿನ ಮನೆಯಲ್ಲೂ ವ್ಯಾಪಾರ ಬಿಡದ ಮನುಷ್ಯ. ಆದರೆ ಹೇಳಿದ್ದು ಸುಳ್ಳೂ ಅಲ್ಲ. ಶಿವರಂಜನಿಯ ಮನಸ್ಸು ಒಂದು ಗಳಿಗೆ ಹೊಯ್ದಾಡಿತು.

*

ಇದೇ ಮಾತನ್ನು ಚಂದ್ರಶೇಖರ್ ಎಷ್ಟೋ ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕೂತು ಹೇಳಿದ್ದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು ನಕ್ಕಿದ್ದರು.

“ನಮ್ ಕಡೆ ಪಿಸ್ತೂಲ್ ಕಂಡೋರ್ಯಾರು? ಬಸ್ ಹತ್ತದೆ ಇರೋರ್ಯಾರು? ಕರಿಯಯ್ಯ ಬಸ್ಸಿಳಿಯಲ್ಲ ಕಣ್ರೀ.”

ಅಲ್ಲಿಗೆ ಅಚ್ಚೂ ನಿಂತಿತು, ಹೆಸರೂ ಸವೆಯಿತು. ಅಪ್ಪ ಮಾತ್ರ ಒಂದು ದಿನವೂ ಆ ಮಾತಿಗೆ ಮರುಗಲಿಲ್ಲ.

*

“ಅವ್ನು ಕಂಡಕ್ಟರಾಗೇ ಇರ್ತಾನೆ ಸರ್,” ಎಂದಳು ಶಿವರಂಜನಿ. “ಹಾಗೇ ಅಚ್ಚು ಹಾಕೋರು ಸಿಗೋವರ್ಗೂ ನಾನು ಕಾಯ್ತೀನಿ.”

ಚಂದ್ರಶೇಖರ್ ಕೈಮುಗಿದು ಹೊರಟರು.

ಗುಣಿಯ ಬಳಿ ಎಲ್ಲರೂ ಬೊಗಸೆ ತುಂಬ ಮಣ್ಣು ಹಾಕಿದರು. ಅವಳು ಒಂದೇ ಕೈಯಲ್ಲಿ ಹಾಕಿದಳು. ಪುಸ್ತಕ ಕೆಳಗಿಟ್ಟರೆ ಯಾರಾದರೂ ಎತ್ತಿ ಒಳಗೆ ಹಾಕಿಬಿಟ್ಟಾರೆಂಬ ಭಯ.

ಮಣ್ಣು ಮಾಡಿದವರು ಕಪಿಲೆಯಲ್ಲಿ ಮುಳುಗಿಯೇ ಮನೆ ಸೇರುವುದು ಅವರ ಮನೆತನದ ಪದ್ಧತಿ. ಪುಸ್ತಕ ಕೊಟ್ಟು ಮುಳುಗು ಎಂದು ಚಿಕ್ಕಪ್ಪ ಮೆಟ್ಟಿಲ ಮೇಲಿಂದ ಕೈ ಚಾಚಿದರು. ಅವಳು ಕೊಡಲಿಲ್ಲ. ಸೊಂಟಮಟ್ಟ, ಎದೆಮಟ್ಟ ಇಳಿದಳು. ಮೂಗು ಹಿಡಿಯಲು ಒಂದು ಕೈ ಸಾಕಾಯಿತು.

ತಲೆ ಮುಳುಗಿತು. ನೀರಿನ ಮೇಲೆ ಉಳಿದದ್ದು ಒಂದು ಕೈ, ಕೈಯಲ್ಲಿ ಹನಿಯೂ ತಾಗದ ಪುಸ್ತಕ, ರಟ್ಟಿನ ಮೇಲೆ ಬಸ್ಸಿನ ಬಾಗಿಲಲ್ಲಿ ನಿಂತು ಸೀಟಿ ಊದುತ್ತಿರುವ ಕಂಡಕ್ಟರು.