ಕೊಂದವನ ಪಾಲು

ನದಿಯಾಚೆಯ ಒಂದೂರಿನಲ್ಲಿ ಅಣ್ಣನ ಮಗನೊಬ್ಬ ಚಿಕ್ಕಪ್ಪನನ್ನು ಬಾವಿಗೆ ನೂಕಿ ಕೊಂದ ಸುದ್ದಿ ಅಲಖನೂರಿಗೆ ಬಂದ ದಿನ, ಶಹಜಾದಬಿಯ ಗಿರಣಿಯಲ್ಲಿ ಜೋಳಕ್ಕಿಂತ ನುಣ್ಣಗೆ ಬೀಸಿದ್ದು ಆ ಸುದ್ದಿಯೇ. ಸತ್ತವನಿಗೆ ಮಕ್ಕಳಿರಲಿಲ್ಲ. ಹಾಗಾದರೆ ಹೊಲ ಕೊಂದವನಿಗೇ ಹೋಗಬೇಕೇ?

“ಹೋಗಬೇಕಲ್ಲ ಮತ್ತ?” ಎಂದ ಕುನಾಲ. ಸಕ್ಕರೆ ಕಾರ್ಖಾನೆಯ ನೌಕರನಾದ ಅವನಿಗೆ ವಾದವೆಂದರೆ ಚಹಾದಷ್ಟೇ ಪ್ರೀತಿ. “ಕೊಂದಿದ್ದಕ್ಕ ಜೈಲು ಆತು. ಒಂದ ತಪ್ಪಿಗಿ ಎರಡ ಶಿಕ್ಷಾ ಯಾಕ? ಹೊಲಾ ಏನ ತಪ್ಪ ಮಾಡೈತಿ?”

ಹಿಟ್ಟಿನ ಡಬ್ಬಿ ಹಿಡಿದು ಹಿಂದೆಯೇ ನಿಂತಿದ್ದ ಅವನ ಕಾಕು, ಅಂದರೆ ಚಿಕ್ಕಮ್ಮ, ಲಕ್ಕವ್ವ ಇದನ್ನು ಕೇಳಿಸಿಕೊಂಡಳು. ಅವಳಿಗೂ ಮಕ್ಕಳಿರಲಿಲ್ಲ. ತೀರಿಕೊಂಡ ಗಂಡನಿಂದ ಬಂದ ಕಬ್ಬಿನ ಹೊಲ ಅವಳ ನಂತರ ಗಂಡನ ಅಣ್ಣಂದಿರ ಮಕ್ಕಳಾದ ಕುನಾಲ, ವಿಶ್ವಾಸ ಇಬ್ಬರಿಗೂ ಸೇರಬೇಕಾದದ್ದು. ಮರುದಿನವೇ ಅವಳು ರಾಯಬಾಗದಲ್ಲಿ ವಕೀಲೆ ಅನುಸೂಯಾ ಅವರ ಎದುರು ಕೂತಿದ್ದಳು.

“ಕೊಂದಾಂವಗ ಆಸ್ತಿ ಸಿಗತೈತೇನ್ರಿ ಬಾಯಾರ?”

“ಇಲ್ಲಬೇ. ಖೂನ ಸಾಬೀತ ಆತಂದ್ರ ಒಂದ ಗುಂಟೆನೂ ಇಲ್ಲ. ಸತ್ತವರಕಿಂತ ಮೊದಲ ಅವಾನ ಸತ್ತಾನ ಅಂತ ಕಾಯ್ದೆ ತಿಳಕೋತೈತಿ. ಅವನ ಪಾಲು ಉಳದ ವಾರಸದಾರಗ ಹೋಗತೈತಿ.”

ಲಕ್ಕವ್ವನ ಮುಖ ಅರಳಿತು. “ನಾ ಸತ್ತರ ಅವಾ ಮೊದಲ ಸತ್ತಂಗ? ಎಂಥಾ ಚಲೋ ಕಾಯ್ದೆ ಮಾಡ್ಯಾರ್ರಿ!”

“ಯಾರರ ನಿಮಗ ತ್ರಾಸ ಕೊಡಾಕತ್ತಾರೇನ?”

“ಛೇ ಛೇ. ನಮ್ಮವರಿಗಿ ಕೋಳಿ ಕೊಯ್ಯಾಕ ಸುದ್ದಾ ಕೈ ನಡಗತಾವ.”

ಆದರೆ ಊರಿಗೆ ಮರಳಿದ ಮೇಲೆ ಅವಳು ಶಹಜಾದಬಿಯ ಕಿವಿಯಲ್ಲಿ ಹೇಳಿದ್ದೇ ಬೇರೆ. “ನನಗೇನರ ಆತಂದ್ರ ಕುನಾಲನ ಮ್ಯಾಲ ಸಂಶಾ ಇರಲಿ. ಯಾರ ಮುಂದೂ ಹೇಳಬ್ಯಾಡ ಮತ್ತ.” ಗಿರಣಿಯ ಸದ್ದನ್ನೂ ಮೀರಿಸುವ ದನಿಯಲ್ಲಿ ಶಹಜಾದಬಿ ಆ ಗುಟ್ಟನ್ನು ಕಾಪಾಡಿದಳು.

ಸಂಜೆಯೊಳಗೆ ಕುನಾಲ ಓಡಿ ಬಂದ. “ಕಾಕು, ನಾ ಏನ ಮಾಡೇನಿ?”

“ನೀ ಏನೂ ಮಾಡಿಲ್ಲಪಾ. ಮಾಡಬ್ಯಾಡ, ಅಷ್ಟ.”

ಅಂದಿನಿಂದ ಲಕ್ಕವ್ವನ ಪ್ರಾಣ ಕುನಾಲನ ಜವಾಬ್ದಾರಿಯಾಯಿತು. ಬಚ್ಚಲ ಕಲ್ಲಿನ ಪಾಚಿ ತಿಕ್ಕಿದ. ಅಲುಗಾಡುವ ಮೆಟ್ಟಿಲಿಗೆ ಸಿಮೆಂಟು ಹಾಕಿದ. ಅವಳು ಕೆಮ್ಮಿದರೆ ಊರೆಲ್ಲ ತನ್ನತ್ತಲೇ ನೋಡುತ್ತದೆಂದು ಕೆಮ್ಮಿನ ಔಷಧ ತಂದಿಟ್ಟ. ಮೊದಲು ತಾನೇ ಒಂದು ಗುಟುಕು ಕುಡಿದು ತೋರಿಸಿದ.

ಇತ್ತ ರಾಯಬಾಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ವಿಶ್ವಾಸನಿಗೂ ಈ ಸುದ್ದಿ, ಅದರ ಜೊತೆ ವಕೀಲೆ ಹೇಳಿದ ಕಾಯ್ದೆಯೂ ಮುಟ್ಟಿತು. ಕುನಾಲ ಕೊಲೆಗಾರನಾದರೆ ಇಡೀ ಹೊಲ ತನ್ನದು! ಅವನು ಹೆಂಡತಿ ಪೂನಮಳಿಂದ ಹೋಳಿಗೆ ಮಾಡಿಸಿಕೊಂಡು ಬಂದ. “ಕಾಕು, ಅವನ ಮ್ಯಾಲ ಒಂದ ಕಣ್ಣ ಇಡು. ನಾ ಅದೇನಿ, ಅಂಜಬ್ಯಾಡ.”

ಕುನಾಲನಿಗೆ ಹೊಸ ಭಯ ಹತ್ತಿತು. ಇವನೇ ಮುದುಕಿಗೆ ಏನಾದರೂ ಮಾಡಿ ತನ್ನ ತಲೆಗೆ ಕಟ್ಟಿದರೆ? ಹಾಗಾಗಿ ವಿಶ್ವಾಸ ತಂದ ಹೋಳಿಗೆಯನ್ನು ಕುನಾಲ ಮುರಿದು ರುಚಿ ನೋಡುವುದು, ಕುನಾಲ ತಂದ ಬಾಸುಂದಿಯನ್ನು ವಿಶ್ವಾಸ ನೆಕ್ಕಿ ನೋಡುವುದು ನಡೆಯಿತು. ಉಳಿದದ್ದೆಲ್ಲ ಲಕ್ಕವ್ವನಿಗೆ. ಅವಳು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಎರಡನ್ನೂ ಬಳಿದು ತಿಂದಳು.

ಒಂದು ಮುಂಜಾನೆ ಅವಳಿಗೆ ಎದೆ ಹಿಡಿದುಕೊಂಡಿತು. ಇಬ್ಬರೂ ಅವಳನ್ನು ಕುನಾಲನ ಕಾರಿನಲ್ಲಿ ಚಿಕ್ಕೋಡಿಗೆ ಒಯ್ದರು.

“ಏನ ತಿಂದಿದ್ದರು?” ಎಂದು ಡಾಕ್ಟರು ಕೇಳಿದರು.

“ಅವಾ ತಂದದ್ದು!” ಎಂದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅದು ಬರೀ ಅಜೀರ್ಣವೆಂದು ತಿಳಿಯಿತು. ಆದರೆ ಸ್ಟ್ರೆಚರಿನ ಮೇಲೆ ಮಲಗಿ ಸಾಗುವಾಗ ಲಕ್ಕವ್ವ, ಕುನಾಲ ಗೋಡೆಗೆ ಮುಖ ಮಾಡಿ ಅಳುತ್ತಿದ್ದುದನ್ನು ಕಂಡಿದ್ದಳು. ಹಿಂದಿರುಗುವಾಗ ಕಾರಿನಲ್ಲಿ ಕೇಳಿಯೇ ಬಿಟ್ಟಳು.

“ಲೇ ಕುನಾಲ, ಅಳಾಕತ್ತಿದ್ದೆಲ್ಲ, ನನಗಂತೋ ಹೊಲಕ್ಕಂತೋ?”

“ನಾನಂತೂ ನಿನಗಂತ ಕಣ್ಣೀರ ಹಾಕೇನಿ ಕಾಕು,” ಎಂದು ವಿಶ್ವಾಸ ನಡುವೆ ಬಾಯಿ ಹಾಕಿದ. ಅವನ ಕಣ್ಣು ಒಣಗಿಯೇ ಇತ್ತು.

ಕುನಾಲ ರಸ್ತೆಯ ಗುಂಡಿಯೊಂದನ್ನು ತಪ್ಪಿಸಿದ. “ನನಗೂ ತಿಳೀವಲ್ದು ಕಾಕು,” ಎಂದ. “ಮೊದಲ ಹೊಲದ್ದ ನೆಪ್ಪಾತು. ಆಮ್ಯಾಲ ಸಣ್ಣಾಂವ ಇದ್ದಾಗ ನೀ ತಲಿಗಿ ಎಣ್ಣಿ ಹಚ್ಚಿ ಬಡಿತಿದ್ದೆಲ್ಲ, ಅದು ನೆಪ್ಪಾತು.”

ಲಕ್ಕವ್ವ ನಕ್ಕಳು. ಸೀಟು ಅಲುಗುವಂತೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಸತ್ಯ ಹೇಳಿದಳು: ಕುನಾಲನ ಮೇಲೆ ತನಗೆ ಯಾವತ್ತೂ ಸಂಶಯವಿರಲಿಲ್ಲ, ಗಿರಣಿಯಲ್ಲಿ ಅವನು ಆಡಿದ ಮಾತಿಗೆ ಚುರುಕು ಮುಟ್ಟಿಸಬೇಕೆನಿಸಿತ್ತು, ಅಷ್ಟೇ.

“ಅಂದ್ರ ಅವಾ ಕೊಲ್ಲಾಂವ ಅಲ್ಲೇನ?” ವಿಶ್ವಾಸನ ದನಿಯಲ್ಲಿ ಇಳಿದ ನಿರಾಶೆಗೆ ಕುನಾಲನೂ ನಕ್ಕುಬಿಟ್ಟ.

ಪೂನಮಳ ಹೋಳಿಗೆ ಅಲ್ಲಿಗೇ ನಿಂತಿತು. ಕುನಾಲ ಮಾತ್ರ ಮುಂದಿನ ರವಿವಾರವೂ ಬಂದ, ಬರಿಗೈಯಲ್ಲಿ. ಲಕ್ಕವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಎದುರಿಗೆ ಕೂತು, ಅವನು ಉಣ್ಣುವುದನ್ನೇ ನೋಡಿದಳು.

“ಲೇ, ನೀ ಸತ್ತರ ಆ ಕಾರ ನನಗ ಬರತೈತೇನ?”

ಕುನಾಲನ ಕೈ ಬಾಯಿಯ ಹತ್ತಿರವೇ ನಿಂತಿತು. ಕಾಕುವಿನ ಮುಖ ನೋಡಿದ, ಪಲ್ಯ ನೋಡಿದ. ಆಮೇಲೆ ತುತ್ತು ಬಾಯಿಗಿಟ್ಟು ತಾಟು ಮುಂದೆ ಸರಿಸಿದ.

“ಇನ್ನೊಂದ ರೊಟ್ಟಿ ಹಾಕು.”